ಅಪ್ಪ ನಗುತ್ತಾರೆ, ಮಗ ಎದ್ದು ಹೋಗುತ್ತಾನೆ

(ನಾನು ಕುಟುಂಬಗಳಿಗೆ ಆಪ್ತಸಲಹೆ ಕೊಡುವವಳು. ಗುರುತು ಸಿಗಬಾರದೆಂದು ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಫೋನ್ ಮಾಡಿದ್ದು ಸೊಸೆ. "ಮೇಡಂ, ಟಿವಿ ವಿಷಯಕ್ಕೆ ಮಾವನೂ ನಮ್ಮೆಜಮಾನರೂ ಮಾತು ಬಿಟ್ಟಿದ್ದಾರೆ" ಎಂದರು. ರಿಮೋಟಿನ ಜಗಳ ಇರಬೇಕು ಅಂದುಕೊಂಡೆ. ಅಲ್ಲ, ಅದಕ್ಕಿಂತ ಹಳೆಯದು.

ಮಾವ ನಿವೃತ್ತರು. ಸಂಜೆ ನಾಲ್ಕು ವರ್ಷದ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಳೆಯ ಕಾಮಿಡಿ ನೋಡುವುದು ಅವರ ಅಭ್ಯಾಸ. ಅದರಲ್ಲಿ ಉಗ್ಗುವ ಒಬ್ಬ ಅಂಗಡಿಯವನಿದ್ದಾನೆ. ಅವನ ಮಾತು ತಡೆದಾಗಲೆಲ್ಲ ಹಿನ್ನೆಲೆಯಲ್ಲಿ ನಗು. ಮಗುವೂ ಕೆಲವು ತಿಂಗಳಿಂದ ಪದದ ಮೊದಲ ಅಕ್ಷರವನ್ನು ಎರಡು ಮೂರು ಸಲ ಹೇಳುತ್ತಿತ್ತು. ಒಂದು ಸಂಜೆ ಅಂಗಡಿಯವನ ಹಾಗೆಯೇ ಮಾತಾಡಿ ತೋರಿಸಿತು. ಅಜ್ಜ ಚಪ್ಪಾಳೆ ಹೊಡೆದು "ಇನ್ನೊಂದ್ಸಲ ಹೇಳು" ಎಂದರು. ಮಗ ಬಂದವನೇ ಟಿವಿಯ ಪ್ಲಗ್ ಕಿತ್ತ.

"ಇಂಥ ಕೊಳಕು ಕಾರ್ಯಕ್ರಮ ಈ ಮನೇಲಿ ಬೇಡ."

"ನಲವತ್ತು ವರ್ಷ ಇದನ್ನೇ ನೋಡಿದ್ದೀನಿ. ಹಾಗಾದ್ರೆ ನಾನು ಕೊಳಕನಾ?"

ಅಲ್ಲಿಗೆ ಮಾತು ನಿಂತಿತು.

ಮೊದಲ ಭೇಟಿಯಲ್ಲಿ ಇಬ್ಬರೂ ಟಿವಿಯ ಬಗ್ಗೆಯೇ ವಾದ ಮಾಡಿದರು. ನಾನು ತಡೆಯಲಿಲ್ಲ. ಮನೆಯ ಮಾತು ನೇರವಾಗಿ ಬಾಯಿಗೆ ಬರದಿದ್ದಾಗ ಜನ ಸಮಾಜದ ಮಾತು ಆಡುತ್ತಾರೆ. ಅದನ್ನು ಸ್ವಲ್ಪ ಹೊತ್ತು ಆಡಲು ಬಿಡುವುದು ಒಳ್ಳೆಯದು. ಅಪ್ಪನ ವಾದ ಹೀಗಿತ್ತು: ಆಗ ಎಲ್ಲರೂ ಎಲ್ಲರನ್ನೂ ನೋಡಿ ನಗುತ್ತಿದ್ದರು, ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ, ಈಗಿನವರಿಗೆ ಏನು ಅಂದರೂ ಚುಚ್ಚುತ್ತದೆ. ಮಗ ಹೇಳಿದ್ದು ಒಂದೇ ಮಾತು: ಟಿವಿ ಯಾರನ್ನು ನೋಡಿ ನಗುತ್ತದೋ, ಸ್ಕೂಲಿನಲ್ಲೂ ಅವರನ್ನೇ ನೋಡಿ ನಗುತ್ತಾರೆ.

ಟಿವಿ ಬದಲಾಗಿರುವುದಂತೂ ನಿಜ. 1952ರಲ್ಲಿ ಅಮೆರಿಕದ 'ಐ ಲವ್ ಲೂಸಿ' ಕಾಮಿಡಿಯ ನಾಯಕಿ ನಿಜವಾಗಿಯೂ ಬಸುರಿಯಾಗಿದ್ದರು. ಕತೆಯಲ್ಲೂ ಬಸುರಿ. ಆದರೂ 'ಪ್ರೆಗ್ನೆಂಟ್' ಎಂಬ ಮಾತನ್ನು ತೆರೆಯ ಮೇಲೆ ಆಡಲು ಚಾನೆಲ್ ಬಿಡಲಿಲ್ಲ. 1997ರಲ್ಲಿ 'ಎಲೆನ್' ಎಂಬ ಕಾಮಿಡಿಯ ನಾಯಕಿ ತಾನು ಸಲಿಂಗಿ ಎಂದು ಹೇಳಿದಾಗ ಕೆಲವು ಜಾಹೀರಾತುದಾರರು ಹಿಂದೆ ಸರಿದರು. ಮರುವರ್ಷ ಕಾರ್ಯಕ್ರಮ ನಿಂತಿತು. ಅದೇ ವರ್ಷ ಶುರುವಾದ 'ವಿಲ್ ಆ್ಯಂಡ್ ಗ್ರೇಸ್'ನಲ್ಲಿ ನಾಯಕನೇ ಸಲಿಂಗಿ. ಅದು ಮೊದಲ ಸುತ್ತಿನಲ್ಲೇ ಎಂಟು ಸೀಸನ್ ಓಡಿತು. ಉಗ್ಗುವ ಅಂಗಡಿಯವನ ವಿಷಯಕ್ಕೇ ಬಂದರೆ, 1976ರ ಬ್ರಿಟಿಷ್ ಕಾಮಿಡಿ 'ಓಪನ್ ಆಲ್ ಅವರ್ಸ್'ನಲ್ಲೂ ಅಂಥವನೊಬ್ಬ ಇದ್ದ. 2013ರಲ್ಲಿ ಅದರ ಮುಂದುವರಿಕೆ ಬಂದಾಗ ಅದೇ ಅಂಗಡಿ, ಆದರೆ ಅದನ್ನು ನಡೆಸುವವನು ಉಗ್ಗುವುದಿಲ್ಲ.

ನನ್ನ ಕೆಲಸದಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಮಾತ್ರ ಬೇರೆ ವಿಷಯ. 1971ರಲ್ಲಿ 'ಆಲ್ ಇನ್ ದ ಫ್ಯಾಮಿಲಿ' ಎಂಬ ಅಮೆರಿಕನ್ ಕಾಮಿಡಿ ಶುರುವಾಯಿತು. ಅದರಲ್ಲಿನ ಆರ್ಚಿ ಬಂಕರ್ ಎಂಬ ಯಜಮಾನನಿಗೆ ಕರಿಯರು, ಯಹೂದಿಗಳು, ಹೆಂಗಸರು ಎಲ್ಲರ ಬಗ್ಗೆಯೂ ಪೂರ್ವಗ್ರಹ. ಇಂಥ ಪೂರ್ವಗ್ರಹ ಇರುವವರನ್ನು ಗೇಲಿ ಮಾಡಲೆಂದೇ ಅವನನ್ನು ಸೃಷ್ಟಿಸಿದ್ದರು. 1974ರಲ್ಲಿ ವಿಡ್ಮರ್ ಮತ್ತು ರೊಕೀಚ್ ಎಂಬ ಮನಶ್ಶಾಸ್ತ್ರಜ್ಞರು ಪ್ರೇಕ್ಷಕರನ್ನು ವಿಚಾರಿಸಿ ನೋಡಿದರು. ಪೂರ್ವಗ್ರಹ ಕಮ್ಮಿ ಇದ್ದವರು ಆರ್ಚಿಯನ್ನು ನೋಡಿ ನಗುತ್ತಿದ್ದರು. ಜಾಸ್ತಿ ಇದ್ದವರು ಆರ್ಚಿ ಹೇಳುವುದು ಸರಿ ಎನ್ನುತ್ತಿದ್ದರು. ಧಾರಾವಾಹಿಗಳ ಕತೆಯೂ ಇದೇ. 1984ರಲ್ಲಿ ದೂರದರ್ಶನದಲ್ಲಿ ಬಂದ 'ಹಮ್ ಲೋಗ್'ನ ತಾಯಿ ಭಾಗವಂತಿ ಎಲ್ಲವನ್ನೂ ನುಂಗಿಕೊಂಡು ಬದುಕುವವಳು. ಹೀಗೆ ಬಾಳಬೇಡಿ ಎಂದು ಹೇಳಲು ಆ ಪಾತ್ರ. ಪ್ರತಿ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಬಿಡಿಸಿ ಹೇಳುತ್ತಿದ್ದರು. ಆದರೂ ಎಷ್ಟೋ ಪ್ರೇಕ್ಷಕರು ಅವಳನ್ನೇ ಆದರ್ಶ ತಾಯಿ ಅಂದುಕೊಂಡರು.

ಹಾಗಾಗಿ ಕಾರ್ಯಕ್ರಮ ಒಳ್ಳೆಯದೋ ಕೆಟ್ಟದ್ದೋ ಎಂದು ನಾನು ತೀರ್ಪು ಕೊಡಲು ಹೋಗುವುದಿಲ್ಲ. ನೋಡುವವರಿಗೆ ಏನು ಕಂಡಿತು ಎಂದು ಕೇಳುತ್ತೇನೆ.

ಮುಂದಿನ ಭೇಟಿಯಲ್ಲಿ ಅದನ್ನೇ ಮಾಡಿದೆ. ಆ ದೃಶ್ಯದಲ್ಲಿ ಏನಾಗುತ್ತದೆ ಎಂದು ಒಬ್ಬೊಬ್ಬರೇ ಹೇಳಬೇಕು, ಇನ್ನೊಬ್ಬರು ಬಾಯಿ ಹಾಕಬಾರದು. ಅಪ್ಪ ಹೇಳಿದರು, "ಅವನು ಮಹಾ ಚಾಲಾಕಿ. ಉಗ್ಗುತ್ತಲೇ ಎಲ್ಲರನ್ನೂ ಬೇಸ್ತು ಬೀಳಿಸ್ತಾನೆ. ಕೊನೆಗೆ ಗೆಲ್ಲೋದು ಅವನೇ." ಮಗ ಹೇಳಿದ, "ಅವನಿಗೆ ಮಾತು ಬರಲ್ಲ. ಬೇರೆಯವರು ಅದನ್ನು ಪೂರ್ತಿ ಮಾಡ್ತಾರೆ. ಎಲ್ರೂ ನಗ್ತಾರೆ."

ಆಮೇಲೆ ಮಗನೇ ವಿಷಯಕ್ಕೆ ಬಂದ. ಚಿಕ್ಕವನಿದ್ದಾಗ ಅವನೂ ಉಗ್ಗುತ್ತಿದ್ದ. "ಅದು ಯಾವಾಗ್ಲೋ ಹೋಯ್ತಲ್ಲ" ಎಂದರು ಅಪ್ಪ. ಹೋಗಿರಲಿಲ್ಲ. ತಡೆಯುವ ಪದ ಬರುವ ಮೊದಲೇ ಅವನು ಬೇರೆ ಪದ ಹುಡುಕಿಕೊಳ್ಳುತ್ತಾನೆ. ಫೋನಿನಲ್ಲಿ ಹೆಸರು ಹೇಳುವ ಬದಲು ಮೆಸೇಜ್ ಕಳಿಸುತ್ತಾನೆ. ಉಗ್ಗನ್ನು ಹೀಗೆ ಬಚ್ಚಿಟ್ಟುಕೊಂಡು ಬದುಕುವವರು ಸಾಕಷ್ಟು ಜನ ಇದ್ದಾರೆ. ಹೊರಗಿನವರಿಗೆ ಗೊತ್ತೇ ಆಗುವುದಿಲ್ಲ. ಅವನ ಹೆಂಡತಿಗೂ ಗೊತ್ತಿರಲಿಲ್ಲ.

"ನೀವೆಲ್ಲ ನಗ್ತಿದ್ರಿ. ನಾನೂ ನಗ್ತಿದ್ದೆ. ನಗದೇ ಇದ್ರೆ ಎಲ್ರೂ ನನ್ನ ಕಡೆ ತಿರುಗಿ ನೋಡೋರು."

ಕಾಮಿಡಿಗಳಿಗೆ ರೆಕಾರ್ಡ್ ಮಾಡಿದ ನಗು ಸೇರಿಸುವುದು 1950ರ ದಶಕದಲ್ಲೇ ಶುರುವಾಯಿತು. ಚಾರ್ಲಿ ಡಗ್ಲಾಸ್ ಎಂಬ ಸೌಂಡ್ ಎಂಜಿನಿಯರ್ ಅದಕ್ಕೊಂದು ಯಂತ್ರವನ್ನೇ ಮಾಡಿದ್ದರು. ಎಲ್ಲಿ ನಗಬೇಕು ಎಂದು ಅದು ಪ್ರೇಕ್ಷಕರಿಗೆ ಹೇಳಿಕೊಡುತ್ತದೆ. ಈ ಹುಡುಗನಿಗೆ ಅದು ಯಾವಾಗ ಮುಖ ಸರಿಮಾಡಿಕೊಳ್ಳಬೇಕು ಎಂದು ಹೇಳಿಕೊಡುತ್ತಿತ್ತು.

ಅಪ್ಪನಿಗೆ ಮೊದಲು ಬಂದದ್ದು ಸಿಟ್ಟು. "ಆಗಲೇ ಹೇಳಬಹುದಿತ್ತಲ್ಲ?"

"ಹೇಳೋಕೇ ಬರ್ತಿರಲಿಲ್ಲವಲ್ಲ, ಅಪ್ಪ."

ಇನ್ನು ನಾನು ಕೊಟ್ಟ ಸಲಹೆ. ಮೊದಲು ಮಗುವಿನ ವಿಷಯ, ಯಾಕೆಂದರೆ ಅದು ಕಾಯುವಂಥದ್ದಲ್ಲ. ಟಿವಿ ನೋಡಿ ಉಗ್ಗು ಬರುವುದಿಲ್ಲ. ಅದು ಸಾಮಾನ್ಯವಾಗಿ ಎರಡರಿಂದ ಐದು ವರ್ಷದೊಳಗೆ ಕಾಣಿಸಿಕೊಳ್ಳುತ್ತದೆ. ಹೆಚ್ಚಿನ ಮಕ್ಕಳಲ್ಲಿ ತಾನಾಗಿಯೇ ಹೋಗುತ್ತದೆ. ಆದರೆ ಮನೆಯಲ್ಲಿ ದೊಡ್ಡವರಿಗೆ ಇದ್ದರೆ ಉಳಿಯುವ ಸಾಧ್ಯತೆ ಸ್ವಲ್ಪ ಜಾಸ್ತಿ. ಅದಕ್ಕೆ ಸುಮ್ನೆ ಕಾದು ನೋಡದೆ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ ಎಂದೆ. ಮಗನಿಗೆ ಇದನ್ನು ಕೇಳಲು ಕಷ್ಟವಾಯಿತು. ತಪ್ಪೆಲ್ಲ ಟಿವಿಯದ್ದು ಎಂದು ಅಂದುಕೊಂಡಿದ್ದರೆ ಒಂಥರಾ ಹಗುರ, ಅಲ್ವಾ. ಮಗುವಿನ ಮಾತನ್ನು ಯಾರೂ ಪೂರ್ತಿ ಮಾಡಿಕೊಡಬಾರದು, "ನಿಧಾನವಾಗಿ ಹೇಳು" ಎಂದು ತಿದ್ದಬಾರದು, ಅದು ಹೇಳಿ ಮುಗಿಸುವವರೆಗೆ ಮುಖ ನೋಡುತ್ತಾ ಕೇಳಬೇಕು ಎಂದೂ ಹೇಳಿದೆ. ಟಿವಿಯವನನ್ನು ಅಣಕಿಸಿದರೆ ಗದರುವುದೂ ಬೇಡ, ಚಪ್ಪಾಳೆಯೂ ಬೇಡ.

ಮಗನಿಗೆ ಒಂದು ಮಾತು ಹೇಳಿದೆ. "ಈ ಕಾರ್ಯಕ್ರಮ ಕೊಳಕು" ಎಂದರೆ ಅದನ್ನು ನೋಡಿ ಕಳೆದ ಅಪ್ಪನ ಸಂಜೆಗಳೆಲ್ಲ ಕೊಳಕು ಎಂದ ಹಾಗೆ. ಅವರು ಜಗಳಕ್ಕೆ ನಿಲ್ಲದೆ ಇನ್ನೇನು ಮಾಡುತ್ತಾರೆ? "ಇದನ್ನು ನೋಡಿದರೆ ನನಗೆ ನೋವಾಗುತ್ತದೆ" ಎಂದರೆ ವಾದಕ್ಕೆ ಜಾಗ ಇಲ್ಲ. ಪ್ಲಗ್ ಕೀಳುವುದರಿಂದ ಯಾರ ಮನಸ್ಸೂ ಬದಲಾಗುವುದಿಲ್ಲ. 2020ರಲ್ಲಿ ಬ್ರಿಟನ್ನಿನ ಒಂದು ಸಂಸ್ಥೆ 'ಫಾಲ್ಟಿ ಟವರ್ಸ್' ಎಂಬ ಹಳೆಯ ಕಾಮಿಡಿಯ ಒಂದು ಕಂತನ್ನು, ಅದರಲ್ಲಿ ಜನಾಂಗೀಯ ಬೈಗುಳಗಳಿವೆ ಎಂದು, ತನ್ನ ಸೇವೆಯಿಂದ ತೆಗೆಯಿತು. ಕೆಲವೇ ದಿನಗಳಲ್ಲಿ, ಎಚ್ಚರಿಕೆಯ ಸಾಲು ಸೇರಿಸಿ ವಾಪಸ್ ಹಾಕುವುದಾಗಿ ಹೇಳಿತು. ಮನೆಯಲ್ಲೂ ಅಷ್ಟು ಸಾಕು ಎನ್ನುವುದು ನನ್ನ ಅಭಿಪ್ರಾಯ.

ಅಪ್ಪನಿಗೆ ನೋಡಬೇಡಿ ಎನ್ನಲಿಲ್ಲ. ಆ ಕಾಮಿಡಿಯನ್ನು ಮೊಮ್ಮಗ ಮಲಗಿದ ಮೇಲೆ ನೋಡಿ, ಮಗ ಎದ್ದು ಹೋದರೆ ಕೂಗಿ ಕರೆಯಬೇಡಿ ಎಂದೆ. ಅವರ ದಿನಗಳಲ್ಲಿ ಯಾರಿಗೂ ನೋವಾಗುತ್ತಿರಲಿಲ್ಲ ಎಂಬ ಮಾತನ್ನು ಮಾತ್ರ ಇನ್ನು ಆಡಬೇಡಿ ಎಂದೆ. ನೋವಾಗುತ್ತಿದ್ದವನು ಪಕ್ಕದಲ್ಲೇ ಕೂತಿದ್ದನಲ್ಲ.

ಅವರು ಇಷ್ಟಕ್ಕೆ ಬಿಡಲಿಲ್ಲ. "ಸರಿ ಮೇಡಂ. ಇವನು ನೋಡೋ ಹೊಸ ಕಾಮಿಡಿಗಳಲ್ಲಿ ಫೋನ್ ಒತ್ತೋಕೆ ಬಾರದ ಮುದುಕರು ಇರ್ತಾರೆ. ಇವನು ಬಿದ್ದು ಬಿದ್ದು ನಗ್ತಾನೆ. ಅದು?" ಎಂದರು. ನ್ಯಾಯವಾದ ಪ್ರಶ್ನೆ. ಕಾಲ ಬದಲಾದಂತೆ ನಗೆಗೆ ಸಿಗುವವರೂ ಬದಲಾಗುತ್ತಾರೆ. ಸದ್ಯಕ್ಕೆ ಸರದಿ ವಯಸ್ಸಾದವರದ್ದು. ಮಗ ಆ ಕಾರ್ಯಕ್ರಮ ಬಿಡುತ್ತೇನೆ ಎಂದ.

"ಬಿಡೋದೇನೂ ಬೇಡ, ಚೆನ್ನಾಗೇ ಇರುತ್ತೆ. ನಾನು ಪಾಸ್‌ವರ್ಡ್ ಕೇಳೋಕೆ ಬಂದಾಗ ಆ ಥರ ನಗಬೇಡ, ಅಷ್ಟೇ."

ಅದನ್ನೂ ಒಪ್ಪಂದಕ್ಕೆ ಸೇರಿಸಿದೆವು. ಹಳೆಯ ಕಾಮಿಡಿಯ ಬಗ್ಗೆ ಇಬ್ಬರಿಗೂ ಇನ್ನೂ ಒಮ್ಮತ ಇಲ್ಲ.