ಪಿಟಿ ಪೀರಿಯಡ್ ಇದ್ದ ದಿನವೇ ಬರುವ ಹೊಟ್ಟೆನೋವು

ನಾನು ಮಕ್ಕಳ ಆಪ್ತಸಮಾಲೋಚಕಿ. ಈ ವರ್ಷ ಇಂಥ ಹೊಟ್ಟೆನೋವು ನನ್ನ ಮುಂದೆ ಬಂದು ಕೂತದ್ದು ಇದು ನಾಲ್ಕನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿಗೆ 13 ವರ್ಷ. ಓದಿನಲ್ಲಿ ಚುರುಕು. ವಾರಕ್ಕೆ ಎರಡು ಪಿಟಿ ಪೀರಿಯಡ್, ಆ ಎರಡೂ ದಿನ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ, ಏನೂ ತೊಂದರೆ ಇಲ್ಲ ಅಂದಿದ್ದರು. ತಾಯಿ ಬಂದದ್ದು ಒಂದು ಪತ್ರಕ್ಕಾಗಿ. "ಆಟದಿಂದ ಬಿಟ್ಟುಬಿಡಿ ಅಂತ ಬರೆದುಕೊಡಿ ಮೇಡಂ, ಸಾಕು. ಅವಳಿಗೆ ಆಟ ಆಗಿಬರಲ್ಲ."

ನೋವು ನಾಟಕ ಅಂತ ನನಗೆ ಅನ್ನಿಸಲಿಲ್ಲ. ಹೆದರಿಕೆಗೂ ಹೊಟ್ಟೆ ಹಿಂಡುತ್ತದೆ. ಆದರೆ ಮೊದಲ ಎರಡು ಭೇಟಿಯಲ್ಲಿ ಯಾವುದರ ಹೆದರಿಕೆ ಅಂತ ಗೊತ್ತಾಗಲಿಲ್ಲ. ಬಿಸಿಲು, ಸುಸ್ತು, ಬಟ್ಟೆ ಬದಲಿಸೋಕೆ ಜಾಗ ಇಲ್ಲ ಅಂದಳು. ಮುಟ್ಟಿನ ದಿನಗಳ ಬಗ್ಗೆಯೂ ಕೇಳಿದೆ. "ಅದಕ್ಕಲ್ಲ ಮಿಸ್."

ಮೂರನೇ ಸಲ ಸ್ಕೆಚ್ ಪೆನ್ನಿನ ಡಬ್ಬಿಯನ್ನು ಅವಳ ಮುಂದೆ ಸರಿಸಿದೆ. "ಪೀರಿಯಡ್ ಹೇಗೆ ಶುರುವಾಗುತ್ತೆ, ಇದರಲ್ಲಿ ತೋರಿಸು ನೋಡೋಣ." ಎರಡು ಪೆನ್ನು ಮುಂದಿಟ್ಟಳು. ಅವರು ಕ್ಯಾಪ್ಟನ್‌ಗಳು. ಉಳಿದವನ್ನು ಸಾಲಾಗಿ ಜೋಡಿಸಿದಳು. ಒಂದೊಂದನ್ನೇ ಆ ಕಡೆ, ಈ ಕಡೆ ಎಳೆದಳು. ಕೊನೆಗೆ ಹಳದಿ ಪೆನ್ನೊಂದು ಉಳಿಯಿತು. ಅದನ್ನು ಮುಟ್ಟದೆ ಸುಮ್ನೆ ಕೂತಳು.

"ಇದನ್ನ ಯಾರು ಕರೀತಾರೆ?"

"ಕೊನೇದನ್ನ ಯಾರೂ ಕರೆಯಲ್ಲ ಮಿಸ್. 'ಅವಳನ್ನ ನೀನೇ ಇಟ್ಕೋ' ಅಂತಾರೆ. ಆ ಕಡೆಯವಳು 'ನಮಗೆ ಒಬ್ಬರು ಕಮ್ಮಿ ಇದ್ರೂ ಪರವಾಗಿಲ್ಲ' ಅಂತಾಳೆ."

ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು. ಆಮೇಲೆ, ನಾನು ಕೇಳದೆಯೇ, "ಮನೇಲಿ ನಾನು ದಿನಾ ಸ್ಕಿಪ್ಪಿಂಗ್ ಮಾಡ್ತೀನಿ. ನಿಲ್ಲಿಸದೆ 200 ಆಗುತ್ತೆ" ಅಂದಳು.

ನಾನು ಆ ಪತ್ರ ಬರೆದುಕೊಡಲಿಲ್ಲ. ತಾಯಿಗೆ ಬೇಜಾರಾಯಿತು, ಕಲ್ಲು ಮನಸ್ಸು ಅಂದುಕೊಂಡಿರಲೂಬಹುದು. ಬರೆದಿದ್ದರೆ ಹೊಟ್ಟೆನೋವು ಮರುದಿನವೇ ನಿಲ್ಲುತ್ತಿತ್ತು, ನಿಜ. ಆದರೆ 'ಇವಳಿಗೆ ಆಟ ಬರಲ್ಲ' ಅನ್ನುವ ಮಾತಿಗೆ ನಾನೇ ಸಹಿ ಹಾಕಿದ ಹಾಗಾಗುತ್ತಿತ್ತು. 200 ಸಲ ಹಗ್ಗ ಹಾರುವ ಹುಡುಗಿಗೆ! 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವಂತೆ ಆಡಬೇಕು, ಓಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದೇ ಸಂಸ್ಥೆಯ ತಜ್ಞರು 2016ರ ಅಂಕಿ ಅಂಶ ನೋಡಿದಾಗ, ಜಗತ್ತಿನಲ್ಲಿ 11ರಿಂದ 17 ವರ್ಷದವರಲ್ಲಿ ನೂರಕ್ಕೆ 81 ಮಂದಿ ಅಷ್ಟು ಆಡುತ್ತಿರಲಿಲ್ಲ. ಹುಡುಗಿಯರಲ್ಲಿ ನೂರಕ್ಕೆ 85. ಇಷ್ಟೊಂದು ಮಕ್ಕಳು ಸೋಮಾರಿಗಳು ಅಂತ ನಾನು ನಂಬುವುದಿಲ್ಲ. ಮೈದಾನಕ್ಕೆ ಕಾಲಿಟ್ಟ ಮೊದಲ ಐದು ನಿಮಿಷದಲ್ಲೇ ನಾವು ಎಷ್ಟೋ ಮಕ್ಕಳನ್ನು ಕಳೆದುಕೊಳ್ಳುತ್ತಿದ್ದೇವೆ.

ಹುಡುಗಿಯ ಒಪ್ಪಿಗೆ ಪಡೆದು ಪಿಟಿ ಮೇಷ್ಟ್ರ ಹತ್ತಿರ ಮಾತಾಡಿದೆ. ಒಳ್ಳೆಯವರು. ತರಗತಿ ತುಂಬ ಮಕ್ಕಳು, ಕೈಯಲ್ಲಿ ಎರಡೇ ಚೆಂಡು, ಪರೀಕ್ಷೆ ಹತ್ತಿರ ಬಂದರೆ ಪೀರಿಯಡ್ಡೇ ಗಣಿತಕ್ಕೆ ಹೋಗುತ್ತದೆ. ನಾನು ಕೇಳಿದ್ದು ಜಾಸ್ತಿ ಏನಲ್ಲ. ಕ್ಯಾಪ್ಟನ್‌ಗಳು ಆರಿಸೋದು ಬೇಡ, ಒಂದು-ಎರಡು ಅಂತ ಎಣಿಸಿ ತಂಡ ಮಾಡಿ. ಔಟಾದವರನ್ನು ಕೂರಿಸುವ ಆಟ ಕಡಿಮೆ ಮಾಡಿ, ಯಾಕೆಂದರೆ ಮೊದಲು ಔಟಾಗುವುದು ಆಟ ಬರದ ಮಗು, ಜಾಸ್ತಿ ಹೊತ್ತು ಕೂರುವುದೂ ಅದೇ. ಅರ್ಧ ಪೀರಿಯಡ್ ಮಕ್ಕಳೇ ತಮಗೆ ಬೇಕಾದ ಆಟ ಆರಿಸಿಕೊಳ್ಳಲಿ.

"ಸ್ಪರ್ಧೆ ಇಲ್ಲದೆ ಆಟ ಹೇಗೆ ಮೇಡಂ?" ಅಂದರು.

ಸ್ಪರ್ಧೆ ಇರಲಿ ಸರ್, ಆಟ ಶುರುವಾದ ಮೇಲೆ ಇರಲಿ ಅಂದೆ.

ತಾಯಿಗೆ ಹೇಳಿದ್ದು ಒಂದೇ. ಸಂಜೆ ಹತ್ತು ನಿಮಿಷ ಕೂತು ಅವಳ ಸ್ಕಿಪ್ಪಿಂಗ್ ಎಣಿಸಿ. ಇವತ್ತು ಎಷ್ಟಾಯಿತು ಅಂತ ಕೇಳಿ. 'ಆಗಿಬರಲ್ಲ' ಅನ್ನುವ ಮಾತು ಅವಳ ಕಿವಿಗೆ ಬೀಳದಿರಲಿ.

ಎರಡು ತಿಂಗಳಾಯಿತು. ಹೊಟ್ಟೆನೋವು ಪೂರ್ತಿ ಹೋಗಿಲ್ಲ. ಚೆಂಡಾಟಕ್ಕೆ ಈಗಲೂ ಹಿಂದೇಟು. ಹೋದ ವಾರ ತಾಯಿ ಫೋನ್ ಮಾಡಿದ್ದರು. ಪಿಟಿ ದಿನ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡೇ ಎದ್ದಳಂತೆ, ಆಮೇಲೆ ಹಗ್ಗ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕಿದಳಂತೆ.