1870ರಲ್ಲಿ ಫ್ರಾನ್ಸ್ ಅಷ್ಟು ಬೇಗ ಸೋತದ್ದೇಕೆ? ಆ ಯುದ್ಧಕ್ಕೂ 1914ಕ್ಕೂ ನಿಜವಾಗಿ ನಂಟಿದೆಯೇ?

ನಿಮ್ಮ ಪ್ರಶ್ನೆಯಲ್ಲಿ ಎರಡು ಭಾಗಗಳಿವೆ. ಯುರೋಪಿನಲ್ಲೇ ಉತ್ತಮವೆಂದು ಹೆಸರಾಗಿದ್ದ ಫ್ರೆಂಚ್ ಸೇನೆ ಜರ್ಮನ್ ರಾಜ್ಯಗಳಲ್ಲೇ ದೊಡ್ಡದಾದ ಪ್ರಷ್ಯದ ಎದುರು ಒಂದೂವರೆ ತಿಂಗಳಲ್ಲಿ ಮಣ್ಣುಮುಕ್ಕಿದ್ದೇಕೆ ಎಂಬುದು ಮೊದಲನೆಯದು. ಆ ಯುದ್ಧಕ್ಕೂ ಮೊದಲನೆಯ ಮಹಾಯುದ್ಧಕ್ಕೂ ನಿಜವಾದ ಸಂಬಂಧವಿದೆಯೇ, ಇಲ್ಲವೇ ಅದು ಪಠ್ಯಪುಸ್ತಕದವರು ಅನುಕೂಲಕ್ಕೆ ಹೆಣೆದ ಕೊಂಡಿಯೇ ಎಂಬುದು ಎರಡನೆಯದು. ನಮ್ಮ ಶಾಲಾ ಪುಸ್ತಕಗಳಲ್ಲಿ ಈ ಯುದ್ಧ ಜರ್ಮನಿಯ ಏಕೀಕರಣದ ಪಾಠಕ್ಕೆ ಅಂಟಿಕೊಂಡ ಕೊನೆಯ ಪ್ಯಾರಾ ಅಷ್ಟೇ. ಪ್ರಷ್ಯದ ಪ್ರಧಾನಿ ಬಿಸ್ಮಾರ್ಕ್‌ನ ರಕ್ತ ಮತ್ತು ಕಬ್ಬಿಣದ ನೀತಿ, ಸೆಡಾನ್ ಕದನ, ವರ್ಸೇಲ್ಸ್ ಅರಮನೆಯಲ್ಲಿ ಚಕ್ರವರ್ತಿಯ ಘೋಷಣೆ, ಅಲ್ಲಿಗೆ ಪಾಠ ಮುಗಿಯುತ್ತದೆ. ಪದವಿ ತರಗತಿಗಳಿಗೆ ಈ ಭಾಗವನ್ನು ಬೋಧಿಸಿದ ನನಗೆ ಅನ್ನಿಸುವುದು, ಸೆಡಾನ್ ನಂತರದ ಐದು ತಿಂಗಳುಗಳನ್ನು ಬಿಟ್ಟರೆ ಈ ಯುದ್ಧ ಅರ್ಥವಾಗುವುದೇ ಇಲ್ಲ ಎಂದು. ಆ ಐದು ತಿಂಗಳನ್ನು ಗೆದ್ದವರೂ ಮರೆತರು ಎಂಬುದರಲ್ಲಿ ನಿಮ್ಮ ಎರಡನೆಯ ಪ್ರಶ್ನೆಯ ಉತ್ತರದ ಒಂದು ಪಾಲು ಅಡಗಿದೆ.

ಕಾರಣಗಳನ್ನು ಬೇಗ ಮುಗಿಸುತ್ತೇನೆ. 1868ರಲ್ಲಿ ಸ್ಪೇನಿನ ರಾಣಿ ಇಸಾಬೆಲ್ಲಾ ಪದಚ್ಯುತಳಾದ ಮೇಲೆ ಖಾಲಿಯಾಗಿದ್ದ ಸಿಂಹಾಸನಕ್ಕೆ ಪ್ರಷ್ಯದ ರಾಜವಂಶದ ಬಂಧುವಾದ ಲಿಯೋಪೋಲ್ಡ್‌ನ ಹೆಸರು ಕೇಳಿಬಂತು. ಫ್ರಾನ್ಸ್ ಪ್ರತಿಭಟಿಸಿತು, ಹೆಸರನ್ನು ಹಿಂತೆಗೆದುಕೊಂಡದ್ದೂ ಆಯಿತು. ಅಷ್ಟಕ್ಕೇ ತೃಪ್ತರಾಗದ ಪ್ಯಾರಿಸ್‌ನವರು, ಮುಂದೆಂದೂ ಇಂಥ ಪ್ರಯತ್ನ ಆಗದೆಂದು ಪ್ರಷ್ಯದ ದೊರೆ ವಿಲಿಯಂನಿಂದ ಮಾತು ಪಡೆಯಲು ರಾಯಭಾರಿ ಬೆನೆದೆತ್ತಿಗೆ ಸೂಚಿಸಿದರು. ಜುಲೈ 13ರಂದು ಎಮ್ಸ್ ಎಂಬ ಊರಿನಲ್ಲಿ ದೊರೆ ಅದನ್ನು ನಿರಾಕರಿಸಿದ. ಆ ಸುದ್ದಿಯ ತಂತಿಯನ್ನು ಬಿಸ್ಮಾರ್ಕ್ ಕತ್ತರಿಸಿ, ಎರಡೂ ಕಡೆಯವರಿಗೆ ಅವಮಾನವಾದಂತೆ ಕಾಣುವ ಹಾಗೆ ಪ್ರಕಟಿಸಿದ. ಜುಲೈ 19ರಂದು ಫ್ರಾನ್ಸ್ ಯುದ್ಧ ಸಾರಿತು. ಈ ತಂತಿಗೆ ಪಠ್ಯಪುಸ್ತಕಗಳು ಅತಿಯಾದ ಮಹತ್ವ ಕೊಡುತ್ತವೆ. ಪ್ಯಾರಿಸ್‌ನಲ್ಲಿ ಯುದ್ಧದ ಹಂಬಲ ಮೊದಲೇ ಇರದಿದ್ದರೆ ಅದೊಂದು ರಾಜತಾಂತ್ರಿಕ ಮುಜುಗರವಾಗಿ ಉಳಿಯುತ್ತಿತ್ತು. ಆದರೆ ಫ್ರಾನ್ಸೇ ಮೊದಲು ಯುದ್ಧ ಸಾರಿದ್ದರಿಂದ ಬವೇರಿಯಾ, ವುರ್ಟೆಂಬರ್ಗ್, ಬಾಡೆನ್‌ನಂಥ ದಕ್ಷಿಣ ಜರ್ಮನ್ ರಾಜ್ಯಗಳು ಪ್ರಷ್ಯದ ಪಕ್ಕಕ್ಕೆ ನಿಲ್ಲಲು ಹಿಂಜರಿಯಲಿಲ್ಲ.

ಈಗ ಸೋಲಿನ ವಿಚಾರ. ಫ್ರೆಂಚರ ಆಯುಧಗಳು ಕೀಳಾಗಿದ್ದವು ಎಂಬುದು ಅರ್ಧ ಸತ್ಯ. ಅವರ ಶಸ್‌ಪೋ ಬಂದೂಕು ಪ್ರಷ್ಯದ ಡ್ರೈಸೆ ಬಂದೂಕಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ದೂರ ಗುಂಡು ಹಾರಿಸುತ್ತಿತ್ತು. ಆಗಸ್ಟ್ 18ರಂದು ಮೆಟ್ಜ್ ಬಳಿಯ ಸೇಂಟ್ ಪ್ರಿವಾ ಹಳ್ಳಿಯತ್ತ ಬಯಲು ಇಳಿಜಾರಿನಲ್ಲಿ ಸಾಲುಗಟ್ಟಿ ಏರಿಹೋದ ಪ್ರಷ್ಯದ ರಾಜರಕ್ಷಕ ಪಡೆಯಲ್ಲಿ ಒಂದೇ ಸಂಜೆ ಸುಮಾರು 8,000 ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ತಮ್ಮ ಬಂದೂಕಿನಿಂದ ಶತ್ರುವನ್ನು ಮುಟ್ಟಲಾಗದಷ್ಟು ದೂರದಲ್ಲಿಯೇ ಬಹಳಷ್ಟು ಜನ ನೆಲಕ್ಕುರುಳಿದ್ದರು. ಫಿರಂಗಿಯ ವಿಷಯದಲ್ಲಿ ಮಾತ್ರ ಲೆಕ್ಕ ತಿರುಗಾಮುರುಗಾ. ಕ್ರುಪ್ ಕಾರ್ಖಾನೆಯ, ಹಿಂಬದಿಯಿಂದ ಮದ್ದು ತುಂಬುವ ಉಕ್ಕಿನ ಫಿರಂಗಿಗಳ ಎದುರು ಬಾಯಿಯಿಂದ ಮದ್ದು ತುಂಬುವ ಕಂಚಿನ ಫಿರಂಗಿಗಳು ನಿಲ್ಲಲಿಲ್ಲ. ಒಂದೇ ಹಿಡಿಕೆ ತಿರುಗಿಸಿ ಹಲವು ಗುಂಡು ಹಾರಿಸುವ ಮಿತ್ರಯೂಸ್ ಎಂಬ ಯಂತ್ರವೂ ಫ್ರೆಂಚರ ಬಳಿ ಇತ್ತು. ಆದರೆ ಅದನ್ನು ಎಷ್ಟು ಗುಟ್ಟಾಗಿ ಇಟ್ಟಿದ್ದರೆಂದರೆ, ಯುದ್ಧ ಬಂದಾಗ ಅದನ್ನು ಬಳಸುವ ಬಗೆ ತಿಳಿದವರೇ ವಿರಳ. ಫಿರಂಗಿಯಂತೆ ದೂರದಲ್ಲಿ ನಿಲ್ಲಿಸಿ ಅದರ ಪ್ರಯೋಜನವನ್ನೇ ಕಳೆದರು.

ನಿಜವಾದ ಅಂತರ ಇದ್ದದ್ದು ಸೈನಿಕರನ್ನು ಸೇರಿಸಿ ಗಡಿಗೆ ತಲುಪಿಸುವ ಕೆಲಸದಲ್ಲಿ. ಪ್ರಷ್ಯದಲ್ಲಿ ದೈಹಿಕವಾಗಿ ಅರ್ಹನಾದ ಯುವಕ ಮೂರು ವರ್ಷ ಸೇನೆಯಲ್ಲಿ ದುಡಿದು, ನಂತರ ನಾಲ್ಕು ವರ್ಷ ಮೀಸಲು ಪಡೆಯಲ್ಲಿ ಇರುತ್ತಿದ್ದ. ಅವನ ರೆಜಿಮೆಂಟು ಅವನದೇ ಸೀಮೆಯದಾಗಿರುತ್ತಿತ್ತು. ಮೋಲ್ಟ್‌ಕೆಯ ನೇತೃತ್ವದ ಜನರಲ್ ಸ್ಟಾಫ್, ಅಂದರೆ ಯುದ್ಧವನ್ನು ಶಾಂತಿಕಾಲದಲ್ಲಿಯೇ ಲೆಕ್ಕಹಾಕಿ ಯೋಜಿಸುವ ಅಧಿಕಾರಿಗಳ ಕಚೇರಿ, ಯಾವ ತುಕಡಿ ಯಾವ ರೈಲಿನಲ್ಲಿ ಯಾವ ದಿನ ಎಲ್ಲಿ ಇಳಿಯಬೇಕೆಂದು ಮೊದಲೇ ಬರೆದಿಟ್ಟಿತ್ತು. ಸುಮಾರು ಹದಿನೆಂಟು ದಿನಗಳಲ್ಲಿ ನಾಲ್ಕೂವರೆ ಲಕ್ಷ ಸೈನಿಕರು ಗಡಿಯಲ್ಲಿದ್ದರು. ಫ್ರಾನ್ಸಿನಲ್ಲಿ ದುಡ್ಡಿದ್ದವನು ಬದಲಿ ಆಳನ್ನು ಕೊಟ್ಟು ಸೇವೆಯಿಂದ ತಪ್ಪಿಸಿಕೊಳ್ಳಬಹುದಿತ್ತು. ಮೀಸಲು ಸೈನಿಕನು ಮೊದಲು ತನ್ನ ರೆಜಿಮೆಂಟಿನ ಉಗ್ರಾಣಕ್ಕೆ ಹೋಗಿ ಸಮವಸ್ತ್ರ ಪಡೆದು, ಆಮೇಲೆ ರೆಜಿಮೆಂಟು ಇದ್ದ ಕಡೆಗೆ ಹೋಗಬೇಕಿತ್ತು. ಉತ್ತರ ಫ್ರಾನ್ಸಿನಲ್ಲಿ ವಾಸವಾಗಿದ್ದ, ಅಲ್ಜೀರಿಯಾದಲ್ಲಿ ಉಗ್ರಾಣವಿದ್ದ ಜುವಾವ್ ಕಾಲಾಳು ಪಡೆಯ ಮೀಸಲು ಸೈನಿಕನೊಬ್ಬ ಅದಕ್ಕಾಗಿ ಸಮುದ್ರ ದಾಟಿ ಅಲ್ಜೀರಿಯಾಕ್ಕೆ ಹೋಗಿ ಮತ್ತೆ ಆಲ್ಸೇಸ್‌ಗೆ ಬರಬೇಕಾಗುತ್ತಿತ್ತು. ಬೆಲ್‌ಫೋರ್‌ಗೆ ಬಂದಿಳಿದ ಜನರಲ್ ಮಿಶೆಲ್ ಎಂಬಾತ ಪ್ಯಾರಿಸ್‌ಗೆ ಕಳುಹಿಸಿದ ತಂತಿ ಪ್ರಸಿದ್ಧವಾಗಿದೆ: ತನ್ನ ಬ್ರಿಗೇಡೂ ಕಾಣುತ್ತಿಲ್ಲ, ಮೇಲಧಿಕಾರಿಯೂ ಕಾಣುತ್ತಿಲ್ಲ, ಈಗೇನು ಮಾಡಬೇಕು ಎಂದು ಆತ ಕೇಳಿದ್ದ.

ಇದರ ಫಲ ಬೇಗನೆ ಕಂಡಿತು. ಫ್ರೆಂಚ್ ದಂಡನಾಯಕ ಬಾಜೇನ್‌ನ ಸೇನೆ ಮೆಟ್ಜ್ ಕೋಟೆಯಲ್ಲಿ ಸಿಕ್ಕಿಬಿತ್ತು. ಅದನ್ನು ಬಿಡಿಸಲು ಹೊರಟ ಇನ್ನೊಬ್ಬ ದಂಡನಾಯಕ ಮ್ಯಾಕ್‌ಮಹೋನ್‌ನ ಸೇನೆಯನ್ನು ಬೆಲ್ಜಿಯಂ ಗಡಿಯ ಸಮೀಪದ ಸೆಡಾನ್‌ನಲ್ಲಿ ಜರ್ಮನರು ಸುತ್ತುವರಿದರು. ಸೆಪ್ಟೆಂಬರ್ 2ರಂದು ಚಕ್ರವರ್ತಿ ಮೂರನೇ ನೆಪೋಲಿಯನ್‌ನೊಂದಿಗೆ ಸುಮಾರು ಒಂದು ಲಕ್ಷ ಸೈನಿಕರು ಸೆರೆಯಾದರು, ಎರಡು ದಿನಗಳ ನಂತರ ಪ್ಯಾರಿಸ್‌ನಲ್ಲಿ ಗಣರಾಜ್ಯ ಘೋಷಣೆಯಾಯಿತು.

ಲೆಕ್ಕಾಚಾರದ ಪ್ರಕಾರ ಯುದ್ಧ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಸ ಸರ್ಕಾರ ಒಂದಂಗುಲ ನೆಲವನ್ನೂ ಬಿಟ್ಟುಕೊಡುವುದಿಲ್ಲ ಎಂದು ನಿಂತಿತು. ಸೆಪ್ಟೆಂಬರ್ 19ರಿಂದ ಪ್ಯಾರಿಸ್ ಮುತ್ತಿಗೆಗೆ ಒಳಗಾಯಿತು. ಅಕ್ಟೋಬರ್ 7ರಂದು ಮಂತ್ರಿ ಗಂಬೆತ್ತ ಬಲೂನಿನಲ್ಲಿ ಶತ್ರುಗಳ ತಲೆಯ ಮೇಲಿಂದ ಹಾರಿಹೋಗಿ, ತೂರ್ ನಗರದಲ್ಲಿ ಕುಳಿತು ಹೊಸ ಸೇನೆಗಳನ್ನು ಕಟ್ಟತೊಡಗಿದ. ಮುತ್ತಿಗೆಯ ಕಾಲದಲ್ಲಿ ಅರವತ್ತಕ್ಕೂ ಹೆಚ್ಚು ಬಲೂನುಗಳು ನಗರದಿಂದ ಹೊರಟವು. ಅವು ಒಯ್ದ ಪಾರಿವಾಳಗಳು ಸಣ್ಣ ಫಿಲ್ಮಿಗೆ ಇಳಿಸಿದ ಸಾವಿರಾರು ಸಂದೇಶಗಳನ್ನು ಗರಿಗೆ ಕಟ್ಟಿಸಿಕೊಂಡು ಹಿಂದಿರುಗುತ್ತಿದ್ದವು, ಒಳಗಿನವರು ಅವುಗಳನ್ನು ಪರದೆಯ ಮೇಲೆ ದೊಡ್ಡದು ಮಾಡಿ ಕೈಯಲ್ಲಿ ನಕಲಿಳಿಸಿ ಹಂಚುತ್ತಿದ್ದರು. ಚಳಿಗಾಲ ಬರುವಷ್ಟರಲ್ಲಿ ಜನ ಕುದುರೆ, ನಾಯಿ, ಬೆಕ್ಕು, ಇಲಿಗಳನ್ನು ತಿನ್ನತೊಡಗಿದ್ದರು. ಮೃಗಾಲಯದ ಕ್ಯಾಸ್ಟರ್, ಪೊಲಕ್ಸ್ ಎಂಬ ಆನೆಗಳನ್ನು ಕೊಂದು ಮಾಂಸ ಮಾರಿದರು. ಅದನ್ನು ಕೊಂಡವರು ಉಳ್ಳವರು, ಬಡವರ ಪಾಲಿಗೆ ಬಂದದ್ದು ಹೊಟ್ಟು ಬೆರೆತ ಬ್ರೆಡ್ಡು.

ಹೊರಗೆ ಗಂಬೆತ್ತನ ಅರೆತರಬೇತಿಯ ಸೇನೆ ನವೆಂಬರ್ 9ರಂದು ಕೂಲ್ಮಿಯೇಯಲ್ಲಿ ಬವೇರಿಯನ್ನರನ್ನು ಸೋಲಿಸಿ ಓರ್ಲೆಯಾನ್ಸ್ ನಗರವನ್ನು ಮರಳಿ ಪಡೆಯಿತು. ಆದರೆ ಅದಕ್ಕೂ ಮೊದಲೇ, ಅಕ್ಟೋಬರ್ ಕೊನೆಯಲ್ಲಿ, ಬಾಜೇನ್ ಒಂದೂವರೆ ಲಕ್ಷಕ್ಕೂ ಹೆಚ್ಚು ಸೈನಿಕರೊಂದಿಗೆ ಮೆಟ್ಜ್‌ನಲ್ಲಿ ಶರಣಾಗಿದ್ದರಿಂದ ಜರ್ಮನ್ ಪಡೆಗಳಿಗೆ ಬಿಡುವು ಸಿಕ್ಕಿತ್ತು, ಗೆಲುವು ನಿಲ್ಲಲಿಲ್ಲ. ಫ್ರಾಂ ತಿರೂರ್ ಎಂದು ಕರೆಯಲಾದ ಅನಿಯಮಿತ ಹೋರಾಟಗಾರರು ರೈಲುಹಳಿಗಳನ್ನೂ ಕಾವಲು ತುಕಡಿಗಳನ್ನೂ ಹೊಡೆದರು, ಜರ್ಮನರು ಹಳ್ಳಿಗಳನ್ನು ಸುಟ್ಟು ಸೇಡು ತೀರಿಸಿಕೊಂಡರು. ಜಗತ್ತಿನ ಅತ್ಯುತ್ತಮ ಯೋಜಕರು ಒಂದು ದೇಶದ ಜನರೇ ಸೋಲೊಪ್ಪದೆ ನಿಂತಾಗ ಏನು ಮಾಡಬೇಕೆಂದು ತಿಳಿಯದೆ ಪರದಾಡಿದ ಕಾಲ ಇದು. ಪ್ಯಾರಿಸ್ ಮೇಲೆ ಫಿರಂಗಿ ಹಾರಿಸುವ ವಿಷಯದಲ್ಲಿ ಬಿಸ್ಮಾರ್ಕ್‌ಗೂ ಮೋಲ್ಟ್‌ಕೆಗೂ ಮಾತುಕತೆ ಮುರಿಯುವಷ್ಟು ಜಗಳವಾಯಿತು. ಕೊನೆಗೆ ಹಸಿವು ಗೆದ್ದಿತು. 1871ರ ಜನವರಿ 28ರಂದು ಕದನವಿರಾಮವಾಯಿತು. ಅದಕ್ಕೆ ಹತ್ತು ದಿನ ಮೊದಲು, ವರ್ಸೇಲ್ಸ್‌ನ ಕನ್ನಡಿಗಳ ಸಭಾಂಗಣದಲ್ಲಿ, ವಿಲಿಯಂ ಜರ್ಮನ್ ಚಕ್ರವರ್ತಿಯಾಗಿದ್ದ.

ಒಪ್ಪಂದದ ಶರತ್ತುಗಳು ಎರಡು: ಐದು ನೂರು ಕೋಟಿ ಫ್ರಾಂಕ್ ಪರಿಹಾರ, ಮತ್ತು ಆಲ್ಸೇಸ್ ಜೊತೆಗೆ ಲೊರೇನ್‌ನ ಒಂದು ಭಾಗ. ಬೋರ್ಡೋ ನಗರದಲ್ಲಿ ಸೇರಿದ ರಾಷ್ಟ್ರೀಯ ಸಭೆ 546 ಮತಗಳಿಂದ, 107 ವಿರೋಧದ ನಡುವೆ, ಒಪ್ಪಿತು. ಕೈಬಿಟ್ಟುಹೋಗಲಿದ್ದ ಪ್ರಾಂತ್ಯಗಳ ಪ್ರತಿನಿಧಿಗಳು ಪ್ರತಿಭಟಿಸಿ ಎದ್ದುಹೋದರು. ಮೇ 10ರಂದು ಫ್ರಾಂಕ್‌ಫರ್ಟ್‌ನಲ್ಲಿ ಅಂತಿಮ ಸಹಿ ಬಿತ್ತು. ಅಷ್ಟರಲ್ಲಿ ಪ್ಯಾರಿಸ್ ತನ್ನದೇ ಸರ್ಕಾರದ ವಿರುದ್ಧ ಎದ್ದಿತ್ತು. ಮಾರ್ಚ್ 18ರಂದು ಮೋಂಮಾರ್ತ್ರ್ ದಿಣ್ಣೆಯ ಮೇಲಿದ್ದ ಫಿರಂಗಿಗಳನ್ನು ಕಿತ್ತೊಯ್ಯಲು ತಿಯೇರ್ ನೇತೃತ್ವದ ಫ್ರೆಂಚ್ ಸರ್ಕಾರ ಸೈನಿಕರನ್ನು ಕಳುಹಿಸಿದ್ದರಿಂದ ಸ್ಫೋಟಿಸಿದ ಕಮ್ಯೂನ್ (ಪ್ಯಾರಿಸ್ ಜನರೇ ಕಟ್ಟಿಕೊಂಡ ನಗರಾಡಳಿತ) ದಂಗೆ ಮೇ ಕೊನೆಯ ವಾರದಲ್ಲಿ ಸಾವಿರಾರು ಹೆಣಗಳೊಂದಿಗೆ ಮುಗಿಯಿತು. ಅದನ್ನು ಅಡಗಿಸಿದ ಫ್ರೆಂಚ್ ಸೇನೆಯಲ್ಲಿ ಬಿಸ್ಮಾರ್ಕ್ ಬಿಡುಗಡೆ ಮಾಡಿ ಕಳುಹಿಸಿದ ಯುದ್ಧಕೈದಿಗಳೂ ಇದ್ದರು ಎಂಬುದನ್ನು ನೆನಪಿಡಬೇಕು.

ಪರಿಹಾರದ ಹಣ ಫ್ರಾನ್ಸನ್ನು ದಶಕಗಳ ಕಾಲ ಮೇಲೇಳದಂತೆ ಮಾಡುತ್ತದೆಂದು ನಿರೀಕ್ಷಿಸಿದವರಿಗೆ ನಿರಾಸೆಯಾಯಿತು. ಸಾರ್ವಜನಿಕ ಸಾಲಕ್ಕೆ ಜನ ಮುಗಿಬಿದ್ದು ಹಣ ಕೊಟ್ಟರು, 1873ರ ಸೆಪ್ಟೆಂಬರಿಗೆ ಕೊನೆಯ ಕಂತೂ ತೀರಿ ಜರ್ಮನ್ ಪಡೆ ಹೊರನಡೆಯಿತು. ಅದೇ ವರ್ಷ ಬರ್ಲಿನ್, ವಿಯೆನ್ನಾಗಳಲ್ಲಿ ಸಟ್ಟಾಬಾಜಿಯಿಂದ ಉಬ್ಬಿದ್ದ ಷೇರುಪೇಟೆ ಕುಸಿದದ್ದು ಇತಿಹಾಸದ ಒಂದು ವ್ಯಂಗ್ಯ. ಇನ್ನೊಂದು, ಕಡಿಮೆ ಚರ್ಚೆಯಾಗುವ ಪರಿಣಾಮ ಸಿಡುಬು. ಜರ್ಮನ್ ಸೈನಿಕರಿಗೆ ಕಡ್ಡಾಯವಾಗಿ ಮರುಲಸಿಕೆ ಹಾಕಿದ್ದರು, ಫ್ರೆಂಚರಲ್ಲಿ ಅಂಥ ಶಿಸ್ತು ಇರಲಿಲ್ಲ. ಜರ್ಮನಿಗೆ ಒಯ್ದ ಲಕ್ಷಾಂತರ ಕೈದಿಗಳ ಮೂಲಕ ರೋಗ ಅಲ್ಲಿನ ನಾಗರಿಕರಿಗೆ ಹರಡಿತು. 1874ರಲ್ಲಿ ಜರ್ಮನಿ ಸಿಡುಬಿನ ಲಸಿಕೆಯನ್ನು ಕಾನೂನಿನಿಂದ ಕಡ್ಡಾಯ ಮಾಡಿತು.

ಇನ್ನು 1914ರ ನಂಟು. ಸಾಮಾನ್ಯವಾಗಿ ಹೇಳುವ ಉತ್ತರ, ಆಲ್ಸೇಸ್-ಲೊರೇನ್ ಕಳೆದುಕೊಂಡ ಫ್ರಾನ್ಸ್ ನಲವತ್ತಮೂರು ವರ್ಷ ಸೇಡಿಗಾಗಿ ಕಾದಿತ್ತು ಎಂಬುದು. ಇದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೇಡಿನ ಮಾತು ಮೊದಲ ಎರಡು ದಶಕಗಳಲ್ಲಿ ಜೋರಾಗಿತ್ತು, ಕ್ರಮೇಣ ತಣ್ಣಗಾಯಿತು. ಆ ಪ್ರಾಂತ್ಯಗಳಿಗಾಗಿಯೇ ಯುದ್ಧ ಹೂಡಬೇಕೆನ್ನುವ ಫ್ರೆಂಚರು 1914ರಲ್ಲಿ ಅಲ್ಪಸಂಖ್ಯಾತರು. ಆದರೆ ಅವುಗಳನ್ನು ಕಸಿದುಕೊಂಡದ್ದರಿಂದ ಒಂದು ವಿಷಯ ಖಚಿತವಾಯಿತು: ಫ್ರಾನ್ಸ್ ಎಂದಿಗೂ ಜರ್ಮನಿಯ ಮಿತ್ರನಾಗದು, ಜರ್ಮನಿಯ ಶತ್ರು ಯಾರೇ ಇರಲಿ ಅವರಿಗೆ ಫ್ರಾನ್ಸ್ ಸಿದ್ಧ ಜೊತೆಗಾರ. ಬಿಸ್ಮಾರ್ಕ್‌ನ ಮುಂದಿನ ಎರಡು ದಶಕಗಳ ರಾಜಕಾರಣವೆಲ್ಲ ಆ ಜೊತೆಗಾರಿಕೆ ಆಗದಂತೆ ತಡೆಯುವುದರಲ್ಲೇ ಸವೆಯಿತು. 1879ರಲ್ಲಿ ಆಸ್ಟ್ರಿಯಾ, 1882ರಲ್ಲಿ ಇಟಲಿ, 1887ರಲ್ಲಿ ರಷ್ಯಾ ಜೊತೆ ಗುಟ್ಟಿನ ಒಪ್ಪಂದ. 1890ರಲ್ಲಿ ಬಿಸ್ಮಾರ್ಕ್ ಅಧಿಕಾರ ಕಳೆದುಕೊಂಡ ಮೇಲೆ ರಷ್ಯಾದ ಒಪ್ಪಂದ ನವೀಕರಣವಾಗಲಿಲ್ಲ. 1894ರ ಹೊತ್ತಿಗೆ ರಷ್ಯಾ ಮತ್ತು ಫ್ರಾನ್ಸ್ ಮಿತ್ರರಾಗಿದ್ದವು.

ಸೇನೆಯ ಕಡೆಯಿಂದ ನೋಡಿದರೆ ನಂಟು ಇನ್ನೂ ಗಟ್ಟಿ. ಗೆದ್ದವನ ಪದ್ಧತಿಯನ್ನು ಎಲ್ಲರೂ ನಕಲು ಮಾಡಿದರು. ಫ್ರಾನ್ಸ್ 1872ರಲ್ಲಿ, ರಷ್ಯಾ 1874ರಲ್ಲಿ ಕಡ್ಡಾಯ ಸೇನಾ ಸೇವೆ ತಂದವು. ಫ್ರೆಂಚರಿಂದ ಪಾಠ ಕಲಿಯುತ್ತಿದ್ದ ಜಪಾನ್ 1885ರಲ್ಲಿ ಜರ್ಮನ್ ಅಧಿಕಾರಿ ಮೆಕೆಲ್‌ನನ್ನು ಕರೆಸಿಕೊಂಡಿತು. ಗಡಿ ಕಳೆದುಕೊಂಡ ಫ್ರಾನ್ಸ್, ಸೆರೆ ದ ರಿವಿಯೆರ್ ಎಂಬ ಎಂಜಿನಿಯರ್ ಜನರಲ್‌ನ ಯೋಜನೆಯಂತೆ, ವೆರ್ದನ್‌ನಿಂದ ತೂಲ್‌ವರೆಗೆ ಮತ್ತು ಎಪಿನಾಲ್‌ನಿಂದ ಬೆಲ್‌ಫೋರ್‌ವರೆಗೆ ಕೋಟೆಗಳ ಸಾಲು ಕಟ್ಟಿತು. ಆ ಸಾಲನ್ನು ಎದುರಿನಿಂದ ಭೇದಿಸುವುದು ದುಬಾರಿಯೆಂದು ಕಂಡ ಜರ್ಮನ್ ಜನರಲ್ ಸ್ಟಾಫ್, ಅದರ ಮುಖ್ಯಸ್ಥ ಶ್ಲೀಫೆನ್‌ನ ಕಾಲದಲ್ಲಿ, ಬೆಲ್ಜಿಯಂ ಮೂಲಕ ಸುತ್ತಿಬರುವ ದಾರಿ ಆರಿಸಿತು. ತಟಸ್ಥ ಬೆಲ್ಜಿಯಂ ಮೇಲೆ ಕಾಲಿಟ್ಟದ್ದೇ ಬ್ರಿಟನ್ ಯುದ್ಧಕ್ಕೆ ಇಳಿಯಲು ನೇರ ಕಾರಣವಾಯಿತು. ಬ್ರಿಟನ್ ಇಳಿದದ್ದರಿಂದಲೇ ಮೈಸೂರು ಸಂಸ್ಥಾನದ ಅಶ್ವಾರೋಹಿಗಳು ಸಿನಾಯಿ ಮತ್ತು ಪ್ಯಾಲೆಸ್ತೀನ್‌ಗೆ ಹೋಗಬೇಕಾಯಿತು, 1918ರಲ್ಲಿ ಹೈಫಾದಲ್ಲಿ ಕಾದಾಡಬೇಕಾಯಿತು.

ಶ್ಲೀಫೆನ್‌ನ ಲೆಕ್ಕದಲ್ಲಿ ಫ್ರಾನ್ಸನ್ನು ಕೆಲವೇ ವಾರಗಳಲ್ಲಿ ಮುಗಿಸಬೇಕಿತ್ತು. ಅದು ಸೆಡಾನ್‌ನಿಂದ ಕಲಿತ ಲೆಕ್ಕ, ಪ್ಯಾರಿಸ್‌ನ ಚಳಿಗಾಲದಿಂದ ಕಲಿತದ್ದಲ್ಲ. ಸೋಜಿಗವೆಂದರೆ ಗೆಲುವಿನ ಶಿಲ್ಪಿಯಾದ ಮೋಲ್ಟ್‌ಕೆಗೆ ಈ ವ್ಯತ್ಯಾಸ ಗೊತ್ತಿತ್ತು. 1890ರ ಮೇ ತಿಂಗಳಲ್ಲಿ, ತೊಂಬತ್ತರ ಅಂಚಿನಲ್ಲಿದ್ದ ಆತ ಜರ್ಮನ್ ಸಂಸತ್ತಿನಲ್ಲಿ ಎದ್ದುನಿಂತು, ಇನ್ನು ಮುಂದೆ ಯುರೋಪಿನಲ್ಲಿ ಯುದ್ಧ ಹೊತ್ತಿಕೊಂಡರೆ ಅದು ಏಳು ವರ್ಷವೂ ನಡೆಯಬಹುದು, ಮೂವತ್ತು ವರ್ಷವೂ ನಡೆಯಬಹುದು ಎಂದು ಎಚ್ಚರಿಸಿದ. 1914ರಲ್ಲಿ ಜರ್ಮನ್ ಸೇನೆಯನ್ನು ಬೆಲ್ಜಿಯಂಗೆ ನುಗ್ಗಿಸಿದ ಸೇನಾ ಮುಖ್ಯಸ್ಥ ಆತನ ತಮ್ಮನ ಮಗ. ಆ ಸೈನಿಕರು 1870ರಿಂದ ಒಂದನ್ನು ಮಾತ್ರ ಚೆನ್ನಾಗಿ ನೆನಪಿಟ್ಟಿದ್ದರು, ಅದು ಫ್ರಾಂ ತಿರೂರ್‌ಗಳ ಭಯ. ಪ್ರತಿ ಕಿಟಕಿಯ ಹಿಂದೆಯೂ ಬಂದೂಕು ಹಿಡಿದ ನಾಗರಿಕನಿದ್ದಾನೆಂದು ಭ್ರಮಿಸಿ, ಬೆಲ್ಜಿಯಂನ ದಿನಾಂ, ಲೂವೆನ್ ಮೊದಲಾದ ಊರುಗಳಲ್ಲಿ ಹಾಗೂ ಉತ್ತರ ಫ್ರಾನ್ಸಿನಲ್ಲಿ ಯುದ್ಧದ ಮೊದಲ ತಿಂಗಳುಗಳಲ್ಲಿ ಸುಮಾರು 6,500 ನಿರಾಯುಧ ನಾಗರಿಕರನ್ನು ಅವರು ಕೊಂದರು.