ಕಲಿಸುವಷ್ಟು ಕಲಿತಿದ್ದೇನೆಯೇ?

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇಥ್ (ಲೋಹವನ್ನು ತಿರುಗಿಸಿ ಕಡೆಯುವ ಯಂತ್ರ) ನಡೆಸುವ ಓದುಗರೊಬ್ಬರ ಪತ್ರ: ‘ಐಟಿಐನಲ್ಲಿ ಟರ್ನರ್ ಕಲಿತು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ಹೊಸ ಹುಡುಗರಿಬ್ಬರಿಗೆ ಕಲಿಸು ಎಂದು ಮಾಲೀಕರು ಹೇಳಿದ್ದಾರೆ. ಪಕ್ಕದ ಲೇಥಿನ ಕಾಕಾ ಸದ್ದಿನಿಂದಲೇ ಟೂಲ್ ಸವೆದದ್ದನ್ನು ಹಿಡಿಯುತ್ತಾರೆ. ಹೇಗೆಂದು ಕೇಳಿದರೆ “ನಿನಗೆ ಕೇಳಿಸುವುದಿಲ್ಲವೇ?” ಎನ್ನುತ್ತಾರೆ. ನನಗೆ ಕೇಳಿಸುವುದಿಲ್ಲ. ಕಡೆಯುತ್ತಿದ್ದ ಜಾಬ್ ಕೆಟ್ಟ ದಿನ ನಿದ್ದೆಯೂ ಬರುವುದಿಲ್ಲ. ನಾನು ಕಲಿಸಬಹುದೇ?’

ಧಾರಾಳವಾಗಿ ಕಲಿಸಿ. ಆ ನಿದ್ದೆಗೇಡನ್ನೇ ನಿಮ್ಮ ಪರವಾದ ಸಾಕ್ಷಿಯೆಂದು ಎಣಿಸುತ್ತೇನೆ.

ಹ್ಯೂಬರ್ಟ್ ಮತ್ತು ಸ್ಟುವರ್ಟ್ ಡ್ರೈಫಸ್ ಎಂಬ ಅಮೆರಿಕದ ಸಹೋದರರು 1986ರಲ್ಲಿ ಕೌಶಲಕ್ಕೆ ಐದು ಮೆಟ್ಟಿಲು ಹೇಳಿದರು. ‘ಸಮರ್ಥ’ನಿಗೆ ಅಲ್ಲಿ ಮೂರನೆಯ ಸ್ಥಾನ, ತುದಿಯಲ್ಲಿ ಇರುವವರು ನಿಮ್ಮ ಕಾಕಾನಂಥವರು. ಹೊಸಬ ನಿಯಮದಂತೆ ನಡೆಯುತ್ತಾನೆ, ಕೆಲಸ ಕೆಟ್ಟರೆ ನಿಯಮವನ್ನೇ ದೂರುತ್ತಾನೆ. ಸಮರ್ಥನಾದರೋ ಯಾವುದನ್ನು ಗಮನಿಸಬೇಕು, ಯಾವುದನ್ನು ಬಿಡಬೇಕು ಎಂದು ತಾನೇ ಆರಿಸಿಕೊಂಡಿರುತ್ತಾನೆ. ಹಾಗಾಗಿ ಕೆಟ್ಟದ್ದು ಅವನಿಗೆ ತಟ್ಟುತ್ತದೆ.

50 ಮಿಲಿಮೀಟರ್ ವ್ಯಾಸದ ಮೈಲ್ಡ್ ಸ್ಟೀಲ್, ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲ್, ನಿಮಿಷಕ್ಕೆ 30 ಮೀಟರ್ ಕತ್ತರಿಸುವ ವೇಗ ಎಂದರೆ ನಿಮಿಷಕ್ಕೆ ಸುಮಾರು 190 ಸುತ್ತು ಎಂಬ ಲೆಕ್ಕ ಮೊದಲ ವರ್ಷದ ವಿದ್ಯಾರ್ಥಿಗೂ ಬರುತ್ತದೆ. ಆದರೆ ಉದ್ದನೆಯ ಶಾಫ್ಟ್ ನಡುಗಿ ಮೈಮೇಲೆ ಅಲೆಯಂಥ ಗೀರು ಮೂಡಿತೆನ್ನಿ. ಶಾಫ್ಟಿನ ತುದಿ ಹಿಡಿಯುವ ಟೇಲ್‌ಸ್ಟಾಕ್ ಆಸರೆ ಸರಿಯಾಗಿದೆಯೇ, ಟೂಲ್ ಅತಿಯಾಗಿ ಹೊರಚಾಚಿದೆಯೇ, ವೇಗ ಇಳಿಸಬೇಕೇ? ಮೂರನ್ನೂ ಒಟ್ಟಿಗೆ ಬದಲಿಸಿದರೆ ಗೀರು ಹೋಗಬಹುದು, ಕಾರಣ ಮಾತ್ರ ತಿಳಿಯದು. ಒಂದೊಂದನ್ನೇ ಬದಲಿಸಿ ನೋಡುವವನಿಗೆ ಕೆಲಸ ಬರುತ್ತದೆ ಎನ್ನುತ್ತೇನೆ. ಕತ್ತರಿಸಿ ಬರುವ ಲೋಹದ ಸುರುಳಿ ನೀಲಿಗಟ್ಟಿದರೆ ವೇಗ ಹೆಚ್ಚಾಯಿತು ಎಂಬ ಮಾತು ಎಚ್‌ಎಸ್‌ಎಸ್‌ಗೆ ಸರಿ. ಇನ್ನೂ ಹೆಚ್ಚು ಶಾಖ ತಾಳುವ ಕಾರ್ಬೈಡ್ ಟೂಲಿನಲ್ಲಿ ನೀಲಿ ಸುರುಳಿ ಸಹಜ. ಈ ವ್ಯತ್ಯಾಸ ಗೊತ್ತಿದ್ದವನು ಪಾಠವನ್ನು ಬರೀ ಬಾಯಿಪಾಠ ಮಾಡಿದವನಲ್ಲ.

ವರ್ಷಗಳನ್ನು ಎಣಿಸಬೇಡಿ. ಒಂದೇ ಅಳತೆಯ ಬುಶ್ (ಕೊಳವೆಯಂಥ ಬಿಡಿಭಾಗ) ತೆಗೆಯುತ್ತಲೇ ನಿವೃತ್ತರಾಗುವವರೂ ಇರುತ್ತಾರೆ.

ಇನ್ನು ಕಾಕಾ. ಅವರ ವಿದ್ಯೆ ಕಿವಿಗಿಳಿದಿದೆ, ಬಾಯಿಗೆ ಬರುತ್ತಿಲ್ಲ. ಹುಡುಗರಿಗೆ ಸದ್ಯ ಬೇಕಾದದ್ದು ಹೆಜ್ಜೆ ಹೆಜ್ಜೆಗೂ ಕಾರಣ ಹೇಳುವವರು. ನೀವು ಆ ಕಾರಣಗಳನ್ನು ಇನ್ನೂ ಮರೆತಿಲ್ಲ. (ಮಾಲೀಕರಿಗೂ ಇದು ಹೊಳೆದಿರಬೇಕು. ಅಥವಾ ಕಾಕಾ ಒಪ್ಪಲಿಲ್ಲವೋ ಏನೋ!)

ಒಪ್ಪಿಕೊಳ್ಳುವಾಗ ಒಂದು ಮಾತು ಮಾಲೀಕರಿಗೆ ಮೊದಲೇ ತಿಳಿಸಿಬಿಡಿ: ಟರ್ನಿಂಗ್, ಬೋರಿಂಗ್, ಸಾದಾ ಥ್ರೆಡ್ ನೀವು ಕಲಿಸುತ್ತೀರಿ, ಒಂದಕ್ಕಿಂತ ಹೆಚ್ಚು ಸುರುಳಿಗೆರೆ ಜೊತೆಯಾಗಿ ಸಾಗುವ ಮಲ್ಟಿ-ಸ್ಟಾರ್ಟ್ ಥ್ರೆಡ್ ಬಂದ ದಿನ ಹುಡುಗರ ಜೊತೆ ನೀವೂ ಕಾಕಾನ ಲೇಥಿನ ಬಳಿ ನಿಲ್ಲುತ್ತೀರಿ.

— ಸಂಪಾದಕ